ಬೈಕ್ ಎಂಜಿನ್ ಹಾಕಿದ ಕಾರು ಕುದಿಯದಂತೆ ನೋಡಿಕೊಳ್ಳುವುದು ಹೇಗೆ?

ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟಿಕೊಳ್ಳುವ ಹುಚ್ಚು ಬ್ರಿಟನ್ನಿನವರಿಗೆ ಬಹಳ ಹಳೆಯದು. 1957ರ ಲೋಟಸ್ ಸೆವೆನ್ ಥರದ ಪುಟ್ಟ ಕಾರಿನ ಚೌಕಟ್ಟಿಗೆ ಬೆಸುಗೆ ಹಾಕಿ, ಅದರೊಳಗೆ ಯಮಹಾ ಆರ್1 ಅಥವಾ ಸುಜುಕಿ ಹಯಬುಸಾ ಬೈಕಿನ ಎಂಜಿನ್ ಕೂರಿಸುತ್ತಾರೆ. ನಮ್ಮಲ್ಲಿ ಇಂಥದ್ದನ್ನು ರಸ್ತೆಗಿಳಿಸಲು ನೋಂದಣಿಯದೇ ದೊಡ್ಡ ತಲೆನೋವು. ಆದರೆ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಎಂಜಿನಿಯರಿಂಗ್ ಹುಡುಗರು ಕೆಟಿಎಂ 390 ಬೈಕಿನ ಎಂಜಿನ್ ಹಾಕಿ ಕಟ್ಟುವ ಕಾರಿನದೂ ಇದೇ ಕಥೆ: ಮೊದಲ ಸಲ ಓಡಿಸಿದ ದಿನವೇ ಮೂತಿಯಿಂದ ಹಬೆ ಏಳುತ್ತದೆ. ಆಗ ಸುತ್ತ ನಿಂತವರೆಲ್ಲ ಹೇಳುವುದು ಒಂದೇ ಮಾತು, ದೊಡ್ಡ ರೇಡಿಯೇಟರ್ ಹಾಕು. ಸುಮ್ನೆ ದುಡ್ಡು ದಂಡ. ನನ್ನ ಪ್ರಕಾರ ಹೆಚ್ಚಿನ ಸಲ ತಪ್ಪು ಎಂಜಿನ್ನಿನ ಬಿಸಿ ನೀರನ್ನು ತಣಿಸುವ ಈ ರೇಡಿಯೇಟರಿನದಲ್ಲ, ಗಾಳಿಯದು. ಪೈಪಿನೊಳಗೆ ಇರಬಾರದ ಗಾಳಿ ಇರುತ್ತದೆ, ರೇಡಿಯೇಟರಿಗೆ ಬೇಕಾದ ಗಾಳಿ ಬರುತ್ತಿರುವುದಿಲ್ಲ.

ಬೈಕಿನಲ್ಲಿ ರೇಡಿಯೇಟರ್ ಎಂಜಿನ್ನಿನ ಮುಂದೆಯೇ, ನೇರ ಗಾಳಿಗೆ ಇರುತ್ತದೆ. ಅದರ ಮುಚ್ಚಳವೂ ಎತ್ತರದಲ್ಲಿರುವುದರಿಂದ ನೀರು ತುಂಬಿದರೆ ಗಾಳಿ ತಾನಾಗಿ ಮೇಲೆ ಬಂದು ಹೋಗುತ್ತದೆ. ಸೆವೆನ್ ಥರದ ಕಾರಿನಲ್ಲಿ ರೇಡಿಯೇಟರ್ ಮೂತಿಯ ತಗ್ಗಿನಲ್ಲಿ, ಎಂಜಿನ್ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಅದಕ್ಕಿಂತ ಮೇಲೆ. ಗಾಳಿ ಹೋಗಿ ಹೆಡ್ಡಿನಲ್ಲೇ ಕೂರುತ್ತದೆ. ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ!

ಹಾಗಾಗಿ ಮೊದಲ ಕೆಲಸ, ಒಂದು ಹೆಡರ್ ಟ್ಯಾಂಕ್, ಅಂದರೆ ಮೇಲಿಂದ ನೀರು ತುಂಬಿಸಿ ಗಾಳಿ ಹೊರಬಿಡುವ ಪುಟ್ಟ ಟ್ಯಾಂಕ್. ಇಡೀ ವ್ಯವಸ್ಥೆಯಲ್ಲಿ ಅದೇ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಡ್ಯಾಶ್‌ಬೋರ್ಡಿನ ಮುಂದಿನ ತಗಡಿನ ಗೋಡೆ ಒಳ್ಳೆ ಜಾಗ. ಹೆಡ್ಡಿನಿಂದ ಒಂದು, ರೇಡಿಯೇಟರಿನ ಮೇಲಿನ ಮೂಲೆಯಿಂದ ಒಂದು, ಹೀಗೆ ಎರಡು ಸಣ್ಣ ಪೈಪ್ ಅದಕ್ಕೆ ಬರಲಿ. ಟ್ಯಾಂಕಿನ ತಳದಿಂದ ದಪ್ಪ ಪೈಪೊಂದು ವಾಟರ್ ಪಂಪಿಗೆ ನೀರು ಬರುವ ಕಡೆಗೆ ಹೋಗಲಿ. ಒಳಗಿನ ಒತ್ತಡ ಹಿಡಿದಿಡುವ ಮುಚ್ಚಳ, ಅಂದರೆ ಪ್ರೆಶರ್ ಕ್ಯಾಪ್, ಈ ಟ್ಯಾಂಕಿನ ಮೇಲೆಯೇ ಇರಬೇಕು. 1.1 ಬಾರ್ ಒತ್ತಡದ ಕ್ಯಾಪ್ ಇದ್ದರೆ ಬರೀ ನೀರು ಕೂಡ ಸುಮಾರು 120 ಡಿಗ್ರಿವರೆಗೆ ಕುದಿಯುವುದಿಲ್ಲ. ಅದಕ್ಕೇ ಬಿಸಿಯಿದ್ದಾಗ ಆ ಕ್ಯಾಪನ್ನು ಮುಟ್ಟಲೇಬೇಡಿ, ತೆರೆದ ತಕ್ಷಣ ಕುದಿಯುವ ನೀರು, ಹಬೆ ಎರಡೂ ಮುಖಕ್ಕೆ ಹಾರುತ್ತವೆ.

ಇನ್ನು ನೀರು ತುಂಬುವುದು. ಇಲ್ಲಿ ಅವಸರ ಮಾಡಬೇಡಿ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು ಸಣ್ಣ ಧಾರೆಯಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸುರಿಯಿರಿ. ಒಬ್ಬರು ಸುರಿಯುತ್ತಿದ್ದರೆ ಇನ್ನೊಬ್ಬರು ಮುಂದಿನ ಹೋಸನ್ನು ಹಸುವಿನ ಹಾಲು ಕರೆಯುವ ಹಾಗೆ ಹಿಂಡಿ ಹಿಂಡಿ ಬಿಡಬೇಕು. ಟ್ಯಾಂಕಿನಲ್ಲಿ ಗುಳುಗುಳು ಅಂತ ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಸುರಿಯಿರಿ. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ. ನೀರು ಬಿಸಿಯಾದ ಮೇಲೆ ಅದಕ್ಕೆ ರೇಡಿಯೇಟರಿನ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯುವುದು ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ. ಆಗ ಎರಡು ಹೋಸುಗಳನ್ನೂ ಹುಷಾರಾಗಿ ಮುಟ್ಟಿ ನೋಡಿ. ಎಂಜಿನ್ನಿಂದ ಬರುವುದು ಸುಡುತ್ತಿದ್ದು, ರೇಡಿಯೇಟರಿನಿಂದ ವಾಪಸ್ ಹೋಗುವುದು ಎಷ್ಟು ಹೊತ್ತಾದರೂ ತಣ್ಣಗೇ ಇದ್ದರೆ, ಥರ್ಮೋಸ್ಟಾಟ್ ತೆರೆದಿಲ್ಲ ಅಥವಾ ಗಾಳಿ ಇನ್ನೂ ಒಳಗಿದೆ.

ಬಿಸಿ ತೋರಿಸುವ ಮೀಟರನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನಾನು ಒಮ್ಮೆ ಮುಳ್ಳು 70ರಲ್ಲಿದೆ ಅಂತ ಆರಾಮಾಗಿ ಇನ್ನೊಂದು ಸುತ್ತು ಹೊಡೆದೆ. ಸೆನ್ಸರ್ ಇದ್ದ ಜಾಗದಲ್ಲಿ ನೀರೇ ಇರಲಿಲ್ಲ, ಅದು ಪಾಪ ಗಾಳಿಯನ್ನು ಅಳೆಯುತ್ತಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿಗೂ ಅದರ ಕೆಳಗಿನ ಎಂಜಿನ್ನಿಗೂ ನಡುವಿನ ಸೀಲ್, ಹೋಯಿತು. ಸೆನ್ಸರ್ ಯಾವಾಗಲೂ ಹರಿಯುವ ನೀರಿನಲ್ಲಿ ಮುಳುಗಿರಬೇಕು.

ಆಮೇಲೆ ಹೊರಗಿನ ಗಾಳಿ. ಮೂತಿಯೊಳಗೆ ನುಗ್ಗಿದ ಗಾಳಿಗೆ ರೇಡಿಯೇಟರಿನ ಸಂದಿಗಳಲ್ಲಿ ತೂರಿಕೊಂಡು ಹೋಗುವ ಆಸೆಯೇನೂ ಇಲ್ಲ, ಪಕ್ಕದಲ್ಲಿ ಒಂದು ಇಂಚು ಜಾಗ ಸಿಕ್ಕರೂ ಅಲ್ಲಿಂದಲೇ ಜಾರಿಕೊಳ್ಳುತ್ತದೆ. ಆದ್ದರಿಂದ ರೇಡಿಯೇಟರಿನ ನಾಲ್ಕೂ ಬದಿಯನ್ನು ಅಲ್ಯೂಮಿನಿಯಂ ತಗಡು, ಫೋಮ್ ಪಟ್ಟಿ ಇಟ್ಟು ಮುಚ್ಚಿ. ಪರೀಕ್ಷೆ ಸುಲಭ. ಕಾರು ನಿಂತಿರುವಾಗ ಫ್ಯಾನ್ ಹಾಕಿ, ಮೂತಿಯೆದುರು ಒಂದು ಊದುಬತ್ತಿ ಹಿಡಿಯಿರಿ. ಹತ್ತಿರದಲ್ಲಿ ಪೆಟ್ರೋಲ್ ಇರದಂತೆ ನೋಡಿಕೊಳ್ಳಿ, ಅದನ್ನು ಹೇಳಬೇಕಿಲ್ಲ ಅಲ್ವಾ? ಹೊಗೆ ರೇಡಿಯೇಟರಿನೊಳಗೇ ಹೋಗಬೇಕು. ಎಲ್ಲಿ ಅಂಚಿನ ಕಡೆ ಬಾಗುತ್ತದೋ ಅಲ್ಲಿ ಸಂದಿಯಿದೆ. ಬಂದ ಬಿಸಿ ಗಾಳಿ ಹೊರಗೆ ಹೋಗಲೂ ದಾರಿ ಬೇಕು. ಬಾನೆಟ್ಟಿನ ಪಕ್ಕಗಳಲ್ಲಿ ಕಿಂಡಿ ಬಿಡಿ, ಒಳಬರುವ ಬಾಯಿಗಿಂತ ಅವು ದೊಡ್ಡದಿರಲಿ.

ಫ್ಯಾನ್ ಬಗ್ಗೆ ಎರಡೇ ಮಾತು. ಬೈಕುಗಳಲ್ಲಿ ಫ್ಯಾನ್ ಸಾಮಾನ್ಯವಾಗಿ 100 ಡಿಗ್ರಿ ದಾಟಿದ ಮೇಲೆ ತಿರುಗುತ್ತದೆ. ಕಾರಿಗೆ ಅದು ತಡವಾಯಿತು, 92ರ ಸುಮಾರಿಗೆ ಆನ್ ಆಗುವ ಸ್ವಿಚ್ ಹಾಕಿ, ಫ್ಯಾನಿನ ಕರೆಂಟ್ ಹೊರುವ ರಿಲೇ ಮತ್ತು ಫ್ಯೂಸ್ ಮರೆಯಬೇಡಿ. ದೊಡ್ಡ ಕಾರಿನ ಫ್ಯಾನ್ ತಂದು ಹಾಕಿದರೆ ಕಾರು ನಿಂತು ಎಂಜಿನ್ ಸುಮ್ಮನೆ ತಿರುಗುವಾಗ ಬೈಕಿನ ಚಾರ್ಜಿಂಗ್ ಅದನ್ನು ಸಾಕಲಾರದು, ಬ್ಯಾಟರಿ ಇಳಿಯುತ್ತದೆ.

ರಸ್ತೆ ಕಾರಿಗೆ ಕೂಲೆಂಟ್ ಅರ್ಧ, ನೀರು ಅರ್ಧ ಸಾಕು. ಫಾರ್ಮುಲಾ ಸ್ಟೂಡೆಂಟ್‌ನಲ್ಲಿ ಬರೀ ನೀರು ಮಾತ್ರ, ಕೂಲೆಂಟಿನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಅಂತ.

ಎಂಜಿನ್ ಎಣ್ಣೆಯನ್ನೂ ಮರೆಯುವ ಹಾಗಿಲ್ಲ. ಬೈಕ್ ತಿರುವಿನಲ್ಲಿ ವಾಲುತ್ತದೆ, ಎಣ್ಣೆ ಸಂಪಿನ (ಎಂಜಿನ್ನಿನ ಅಡಿಯ ಎಣ್ಣೆ ಬೋಗುಣಿಯ) ತಳದಲ್ಲೇ ಉಳಿಯುತ್ತದೆ. ಕಾರು ವಾಲುವುದಿಲ್ಲ, ಎಣ್ಣೆ ಒಂದು ಪಕ್ಕಕ್ಕೆ ಓಡಿ ಪಂಪ್ ಗಾಳಿ ಕುಡಿಯುತ್ತದೆ. ಸಂಪಿನೊಳಗೆ ತಡೆಗೋಡೆ ಹಾಕಿಸಿ, ಟ್ರ್ಯಾಕಿಗೆ ಹೋಗುವವರು ಆಯಿಲ್ ಕೂಲರ್ ಕೂಡ.

ಮೊದಲ ಓಟ ಮುಗಿಸಿ ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣಿದ ಮೇಲೆ ಕ್ಯಾಪ್ ತೆಗೆದು ನೋಡಿ. ಮಟ್ಟ ಇಳಿದಿದ್ದರೆ ಗಾಬರಿ ಬೇಡ, ಉಳಿದ ಗಾಳಿ ಹೊರಬಂದಿದೆ ಅಷ್ಟೆ, ತುಂಬಿಸಿ. ಎರಡು ಮೂರು ಸಲ ಹೀಗಾಗುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ, ನೆಲದ ಮೇಲೆ ಒದ್ದೆಯೂ ಕಾಣದಿದ್ದರೆ, ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.