ಡಾಲ್ಫಿನ್‌ಗಳಿಗೆ ಮಗ್ಗಿ ಒಪ್ಪಿಸಿದ್ದು

ಕೆಲಸಕ್ಕೆಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದು ಎರಡು ವರ್ಷವಾದರೂ ನಾವು ತಿಮಿಂಗಿಲ, ಡಾಲ್ಫಿನ್ ನೋಡಲು ಜನ ಹೋಗುವ ಕಡಲೂರು ಕೈಕೋರಾ ಕಡೆ ಹೋಗಿರಲಿಲ್ಲ. ಕಾರಣ ನನ್ನ ಹೊಟ್ಟೆ. ದೋಣಿ ಹತ್ತಿ ಹತ್ತು ನಿಮಿಷಕ್ಕೆ ತೊಳಸಲು ಶುರುವಾಗುತ್ತದೆ. ಈಜೂ ಅಷ್ಟಕ್ಕಷ್ಟೇ. ಆದರೆ ನನ್ನ ಹೆಂಡತಿ ಕೇಳಬೇಕಲ್ಲ. ಮಾರ್ಚ್ ತಿಂಗಳ ಒಂದು ಶನಿವಾರ ನಸುಕಿಗೇ ಕಾರು ಹತ್ತಿಸಿದಳು.

ದೂರ ಸುಮಾರು 180 ಕಿಲೋಮೀಟರ್, ಎರಡೂವರೆ ಗಂಟೆಯ ದಾರಿ. ಹಂಡಲೀ ಗುಡ್ಡಗಳ ತಿರುವುಗಳಲ್ಲೇ ನನ್ನ ಅರ್ಧ ಜೀವ ಹೋಗಿತ್ತು. ಗುಡ್ಡ ಇಳಿದದ್ದೇ ಎಡಕ್ಕೆ ಬೆಟ್ಟ, ಬಲಕ್ಕೆ ಕಡಲು, ನಡುವೆ ರಸ್ತೆಗೂ ರೈಲಿಗೂ ಸಾಕಾಗುವಷ್ಟು ಮಾತ್ರ ಜಾಗ. ಅಲ್ಲಿಂದ ನೋಡಿದರೆ ಗೊತ್ತಾಗುವುದಿಲ್ಲ, ಆದರೆ ಈ ದಡದಿಂದ ಒಂದು ಕಿಲೋಮೀಟರ್ ಹೋಗುವಷ್ಟರಲ್ಲೇ ಕಡಲ ತಳ ಕಂದರವಾಗಿ ಕುಸಿಯುತ್ತದೆ. ಅದರ ಆಳ ಸಾವಿರ ಮೀಟರಿಗೂ ಹೆಚ್ಚು. ಬೇರೆ ಕಡೆ ಆಳದಲ್ಲಿ ಬೇಟೆಯಾಡುವ ಸ್ಪರ್ಮ್ ತಿಮಿಂಗಿಲ ನೋಡಬೇಕೆಂದರೆ ನಡುಗಡಲಿಗೆ ಹೋಗಬೇಕು. ಇಲ್ಲಿ ಆಳವೇ ದಡಕ್ಕೆ ಬಂದಿದೆ, ಅದರ ಹಿಂದೆ ತಿಮಿಂಗಿಲಗಳೂ ಬಂದಿವೆ.

ಶನಿವಾರ ಮಧ್ಯಾಹ್ನ ತಿಮಿಂಗಿಲ, ಭಾನುವಾರ ಬೆಳಗ್ಗೆ ಡಾಲ್ಫಿನ್ ಎಂದು ಎರಡನ್ನೂ ಮೊದಲೇ ಬುಕ್ ಮಾಡಿದ್ದೆವು. ಭಾನುವಾರ ಮಧ್ಯಾಹ್ನವನ್ನು ಬೇಕೆಂದೇ ಖಾಲಿ ಬಿಟ್ಟಿದ್ದೆ. ಅದು ಆಫೀಸಿನ ಹಿರಿಯರೊಬ್ಬರು ಕೊಟ್ಟ ಸಲಹೆ. ಅವರ ಮಾತೇ ನಮ್ಮನ್ನು ಕಾಪಾಡಿತು: ದಕ್ಷಿಣದ ಗಾಳಿ ಎದ್ದು ಶನಿವಾರದ ದೋಣಿಗಳೆಲ್ಲ ರದ್ದಾದವು. ನಮ್ಮ ಟಿಕೆಟನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿಕೊಟ್ಟರು. ಆ ಹೊತ್ತು ಖಾಲಿ ಇಲ್ಲದ ಎಷ್ಟೋ ಜನ ಮುಖ ಸಣ್ಣ ಮಾಡಿಕೊಂಡು ಹೊರಟರು.

ಆ ದಿನ ಸಂಜೆ ಪಾಯಿಂಟ್ ಕೀನ್‌ನಲ್ಲಿ ಫರ್ ಸೀಲ್‌ಗಳನ್ನು ನೋಡಿದೆವು. ಅದಕ್ಕೆ ಟಿಕೆಟ್ ಬೇಡ, ದೋಣಿ ಬೇಡ. ಪಾರ್ಕಿಂಗ್ ಜಾಗದ ಪಕ್ಕದ ಬಂಡೆಗಳ ಮೇಲೇ ಬಿದ್ದುಕೊಂಡಿರುತ್ತವೆ. ವಾಸನೆ ಮಾತ್ರ ಫೋಟೋದಲ್ಲಿ ಬರುವುದಿಲ್ಲ, ಪುಣ್ಯ. ಇಪ್ಪತ್ತು ಮೀಟರ್ ದೂರವಿರಿ ಎಂಬ ಬೋರ್ಡು ಓದಿಯೇ ಹೋಗಿದ್ದೆ. ಒಂದು ಸೀಲಿನಿಂದ ದೂರ ಸರಿಯುವ ಭರದಲ್ಲಿ ಬಂಡೆಯ ಮರೆಯಲ್ಲಿದ್ದ ಇನ್ನೊಂದಕ್ಕೂ ಕಡಲಿಗೂ ನಡುವೆ ನಿಂತುಬಿಟ್ಟೆ. ಅದರ ದಾರಿಗೆ ಅಡ್ಡ ನಿಲ್ಲುವುದು ಹತ್ತಿರ ಹೋಗುವುದಕ್ಕಿಂತ ದೊಡ್ಡ ತಪ್ಪು. ಅದು ಹಲ್ಲು ಕಿಸಿದು ಗುರುಗುಟ್ಟಿದ್ದೇ ತಡ, ಕಾಲು ತಾನಾಗಿ ಓಡಿತು.

ರಾತ್ರಿ ಊಟ ಮುಗಿಸಿ ಬರುವಾಗ ಬೀದಿದೀಪದ ಕೆಳಗೆ ಪಾರಿವಾಳದಷ್ಟು ದೊಡ್ಡ ಹಕ್ಕಿಯೊಂದು ಹೊಟ್ಟೆಯ ಮೇಲೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಊರಿನ ಹೆಂಗಸೊಬ್ಬರು ಕಾರು ನಿಲ್ಲಿಸಿ, ಡಿಕ್ಕಿಯಿಂದ ರಟ್ಟಿನ ಡಬ್ಬಿ ತೆಗೆದು, ಅದನ್ನು ಟವೆಲ್ಲಿನಲ್ಲಿ ಸುತ್ತಿ ಒಳಗಿಟ್ಟರು. ಅದು ಹಟ್ಟನ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಮರಿ. ಈ ಜಾತಿ ಸಹಜವಾಗಿ ಗೂಡು ಕಟ್ಟುವುದು ಜಗತ್ತಿನಲ್ಲೇ ಕೈಕೋರಾದ ಬೆಟ್ಟಗಳ ಎತ್ತರದಲ್ಲಿ ಮಾತ್ರ. ಮಾರ್ಚ್‌ನಲ್ಲಿ ಮರಿಗಳು ಮೊದಲ ಸಲ ಕಡಲಿಗೆ ಹೊರಡುವಾಗ ಊರಿನ ದೀಪಗಳಿಗೆ ಮರುಳಾಗಿ ರಸ್ತೆಗೆ ಬೀಳುತ್ತವೆ. ಸಮತಟ್ಟು ನೆಲದಿಂದ ಮತ್ತೆ ಏಳಲಾರವು. ಆ ತಿಂಗಳಿಡೀ ಅವರ ಡಿಕ್ಕಿಯಲ್ಲಿ ಡಬ್ಬಿ ಇದ್ದೇ ಇರುತ್ತದಂತೆ.

ಭಾನುವಾರ ಬೆಳಗ್ಗೆ ಕಡಲು ಮಲಗಿತ್ತು. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಹೊತ್ತಿಗೆ ನುಂಗುವುದು ನನ್ನ ಹಳೆಯ ಚಾಳಿ. ಈ ಸಲ ಒಂದು ಗಂಟೆ ಮೊದಲೇ ನುಂಗಿದೆ. ವೆಟ್‌ಸೂಟ್ ಏರಿಸಿಕೊಳ್ಳುವುದು ಒದ್ದೆ ದಿಂಬಿನ ಚೀಲಕ್ಕೆ ಹಾಸಿಗೆ ತುರುಕಿದಂತೆ. ಆದರೆ ಅದು ದಪ್ಪ ಇದ್ದಷ್ಟೂ ತೇಲಿಸುತ್ತದೆ. ನನ್ನಂಥ ಅರೆಬರೆ ಈಜುಗಾರನಿಗೆ ಅದೇ ಧೈರ್ಯ. ಹೆಂಡತಿ ನೀರಿಗೆ ಇಳಿಯುವುದಿಲ್ಲ ಎಂದು ನೋಡುವವರ ಟಿಕೆಟ್ ತೆಗೆದುಕೊಂಡು ಡೆಕ್ ಮೇಲೆ ಕೂತಳು.

ಇಲ್ಲಿನವು ಡಸ್ಕಿ ಡಾಲ್ಫಿನ್‌ಗಳು, ಒಂದೊಂದೂ ಆಳುದ್ದ. ರಾತ್ರಿ ಕಂದರದ ಆಳದಿಂದ ಮೇಲೇರುವ ಮೀನು, ಸ್ಕ್ವಿಡ್ ತಿಂದು ಹಗಲು ದಡದ ಹತ್ತಿರ ಬಂದು ವಿಶ್ರಾಂತಿ, ಆಟ. ಎಂದರೆ ನಾವು ಹೋಗುವುದು ಅವುಗಳ ಬಿಡುವಿನ ಹೊತ್ತಿಗೆ. ಮರಿಗಳಿರುವ ಗುಂಪಿನ ಜೊತೆ ಈಜುವುದು ಇಲ್ಲಿ ಕಾನೂನಿಗೆ ವಿರುದ್ಧ. ಮೊದಲು ಕಂಡ ಗುಂಪನ್ನು ಅದಕ್ಕೇ ಬಿಟ್ಟು ಮುಂದೆ ಹೋದೆವು. ಎರಡನೆಯದು ದೊಡ್ಡ ಗುಂಪು, ನೂರಕ್ಕೆ ಕಡಿಮೆ ಇರಲಿಲ್ಲ.

ಇಳಿಯುವ ಮುಂಚೆ ಗೈಡ್ ಹುಡುಗಿ ಖಡಾಖಂಡಿತವಾಗಿ ಹೇಳಿದಳು: ಅವು ನಿಮ್ಮನ್ನು ರಂಜಿಸುವುದಿಲ್ಲ, ನೀವೇ ಅವುಗಳನ್ನು ರಂಜಿಸಬೇಕು. ಕೈ ಚಾಚಬೇಡಿ, ಗುಂಡಗೆ ಸುತ್ತಿ, ಉಸಿರಾಡುವ ಸ್ನಾರ್ಕೆಲ್ ಪೈಪಿನೊಳಗೇ ಹಾಡಿ, ಏನಾದರೂ ಸದ್ದು ಮಾಡಿ. ಸೈರನ್ ಕೇಳಿದ್ದೇ ಜಾರಿದೆ. ಚಳಿಗೆ ಎದೆ ಹಿಡಿದುಕೊಂಡಿತು. ಕೆಳಗೆ ತಳವಿಲ್ಲದ ನೀಲಿ. ಹಾಡು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಎರಡರ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು... ನಾಲ್ಕಕ್ಕೆ ಬರುವಷ್ಟರಲ್ಲಿ ಕೆಳಗಿನಿಂದ ಬೂದು ಬಣ್ಣದ್ದೊಂದು ಮೇಲೆದ್ದು ನನ್ನ ಪಕ್ಕಕ್ಕೆ ಬಂತು. ಒಂದೇ ಕಣ್ಣಿನಲ್ಲಿ ನೋಡಿತು. ನಾನು ಸುತ್ತಿದೆ, ಅದೂ ಸುತ್ತಿತು, ನನಗಿಂತ ಬೇಗ. ಇನ್ನೆರಡು ಸೇರಿಕೊಂಡವು. ಮೂರರ ಮಗ್ಗಿಯಲ್ಲಿ ಉಪ್ಪು ನೀರು ಕುಡಿದು ಕೆಮ್ಮುತ್ತ ತಲೆ ಎತ್ತಿದೆ. ಅಷ್ಟೇ, ಹೊರಟುಹೋದವು. ಮತ್ತೆ ಮುಖ ಮುಳುಗಿಸಿ ಏಳರ ಮಗ್ಗಿ ಹೇಳಿದರೂ ಬರಲಿಲ್ಲ. ಏಳರದ್ದು ನನಗೂ ಸರಿಯಾಗಿ ಬರುವುದಿಲ್ಲ, ಬಿಡಿ.

ಮೇಲೆ ಬಂದಾಗ ಹೆಂಡತಿ ನಗು ತಡೆಯಲಾರದೆ, “ರೀ, ಮಗ್ಗಿ ಹೇಳ್ತಿದ್ರಾ? ಪೈಪಿನಿಂದ ಇಲ್ಲೀವರೆಗೂ ಕೇಳಿಸ್ತಿತ್ತು” ಎಂದಳು. ಅವಳು ಡೆಕ್ಕಿನಿಂದಲೇ ಅವು ಗಾಳಿಯಲ್ಲಿ ಪಲ್ಟಿ ಹೊಡೆಯುವುದನ್ನು ಹತ್ತಿಪ್ಪತ್ತು ಸಲ ನೋಡಿದ್ದಳು. ನೀರಿನಲ್ಲಿದ್ದ ನನಗೆ ಅದೊಂದೂ ಕಂಡಿರಲಿಲ್ಲ. ಈಜು ಬಾರದವರು ಕೊರಗಬೇಕಿಲ್ಲ.

ಮಧ್ಯಾಹ್ನ ತಿಮಿಂಗಿಲ. ಈ ದೋಣಿಗಳನ್ನು ನಡೆಸುವವರು ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನ. 1987ರಲ್ಲಿ ಕೆಲವು ಕುಟುಂಬಗಳು ಮನೆ ಅಡವಿಟ್ಟು ಶುರು ಮಾಡಿದ್ದು. 2016ರ ನವೆಂಬರ್‌ನಲ್ಲಿ 7.8 ತೀವ್ರತೆಯ ಭೂಕಂಪವಾದಾಗ ಕಡಲ ತಳವೇ ಮೇಲೆದ್ದು, ಬಂದರು ಅಗೆದು ಆಳ ಮಾಡುವವರೆಗೆ ಉಬ್ಬರದ ಹೊತ್ತಿಗೆ ಮಾತ್ರ ದೋಣಿ ಬಿಡಬೇಕಾಯಿತಂತೆ. ತಿಮಿಂಗಿಲ ಕಾಣದಿದ್ದರೆ ಟಿಕೆಟಿನ 80 ಶೇಕಡಾ ಹಣ ವಾಪಸ್ ಎಂಬ ಮಾತೂ ಇದೆ.

ಒಂದು ಗಂಟೆ ಏನೂ ಇಲ್ಲ. ರೆಕ್ಕೆ ಬಿಚ್ಚಿದರೆ ಮೂರು ಮೀಟರ್ ಬರುವ ಆಲ್ಬಟ್ರಾಸ್ ಒಂದು, ರೆಕ್ಕೆ ಬಡಿಯುವ ಗೋಜಿಗೇ ಹೋಗದೆ ನಮ್ಮ ಜೊತೆ ಸಾಗುತ್ತಿತ್ತು. ಕ್ಯಾಪ್ಟನ್ ಆಗಾಗ ದೋಣಿ ನಿಲ್ಲಿಸಿ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇಳಿಸಿ ಕಿವಿಗೊಡುತ್ತಿದ್ದ. ನಮಗೂ ಕೇಳಿಸಿದ: ಟಕ್, ಟಕ್, ಟಕ್, ಗಡಿಯಾರದಂತೆ. ಆಳದ ಕತ್ತಲಲ್ಲಿ ಬೇಟೆ ಹುಡುಕುವ ಸದ್ದು. ಅದು ನಿಂತರೆ ಮೇಲೆ ಬರುತ್ತಿದೆ ಎಂದು ಲೆಕ್ಕ.

ನಿಂತಿತು. ಸ್ವಲ್ಪ ಹೊತ್ತಿಗೆ ದೂರದಲ್ಲಿ ಉಸಿರಿನ ಹಬೆ ಎದ್ದಿತು, ನೇರವಾಗಿ ಅಲ್ಲ, ಮುಂದಕ್ಕೆ ಎಡಕ್ಕೆ ವಾಲಿ. ಸ್ಪರ್ಮ್ ತಿಮಿಂಗಿಲದ ಮೂಗು ತಲೆಯ ಎಡಬದಿಗೆ ಇರುವುದರಿಂದ ಹಾಗೆ. ಐವತ್ತು ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಹತ್ತು ನಿಮಿಷ ಅದು ಮರದ ದಿಮ್ಮಿಯಂತೆ ತೇಲುತ್ತ ಬರೀ ಉಸಿರಾಡಿತು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹೊಟ್ಟೆಯೂ ತೆಪ್ಪಗಿತ್ತು. ಆಮೇಲೆ ಬೆನ್ನು ಬಾಗಿ, ಬಾಲ ನೆಟ್ಟಗೆ ಮೇಲೆದ್ದು, ನೀರು ಸುರಿಸಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ಇಳಿದುಹೋಯಿತು. ಮೇಲೆ ನುಣ್ಣನೆಯ ಒಂದು ವೃತ್ತ ಮಾತ್ರ ಉಳಿಯಿತು.

ಕ್ಯಾಪ್ಟನ್ ಮತ್ತೆ ಹೈಡ್ರೋಫೋನ್ ಇಳಿಸಿದ. ಕೆಲ ನಿಮಿಷ ಬರೀ ಗೊರಗೊರ. ಆಮೇಲೆ, ತುಂಬ ಕೆಳಗಿನಿಂದ, ಟಕ್.