ಸುಗ್ಗಿ ಹಬ್ಬವನ್ನು ಹತ್ತು ಹತ್ತು ಮನೆಗೆ ಹಂಚಿದ ಕಥೆ: ನನ್ನ ಅನುಭವ

ಒಲೆ ಮೇಲೆ ಎಸರು ಕುದಿಯುತ್ತಿತ್ತು. ಅಕ್ಕಿ ಇಟ್ಟ ಕೋಣೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು. ನಾನು ಜನರೇಟರ್‌ಗೆ ಡೀಸೆಲ್ ತರಲು ಪೇಟೆಗೆ ಹೋಗಿದ್ದೆ. ಫೋನ್ ಸೈಲೆಂಟ್. ಮಲೆನಾಡಿನ ನಮ್ಮ ಕ್ರೈಸ್ತ ಸಭೆಯ ಸುಗ್ಗಿ ಹಬ್ಬ ಅದು, ಮೂರು ವರ್ಷದ ಹಿಂದಿನದು. ಸುಮಾರು 400 ಜನ ಊಟಕ್ಕೆ ಕೂತಾಗ ಮಧ್ಯಾಹ್ನ ಮೂರು ಗಂಟೆ. ಜನ ಕಾಣಿಕೆ ಕೊಟ್ಟ ಬೆಳೆಯ ಏಲಂ, ಅಂದರೆ ಹರಾಜು, ಶುರುವಾಗುವಷ್ಟರಲ್ಲಿ ಅರ್ಧ ಜನ ಬಸ್ಸು ಹತ್ತಿದ್ದರು.

ಕನ್ವೀನರ್ ಆಗಿ ಅದು ನನ್ನ ನಾಲ್ಕನೇ ಹಬ್ಬ. ಶಾಮಿಯಾನ, ಅಡುಗೆ, ಮೈಕು, ಏಲಂ, ಲೆಕ್ಕ, ಎಲ್ಲ ನಾನೇ. ಇದನ್ನೇ ಸೇವೆ ಅಂದುಕೊಂಡಿದ್ದೆ. ಆ ವರ್ಷ ಬರಬೇಕಿದ್ದದ್ದು 1 ಲಕ್ಷ, ಖರ್ಚು 80 ಸಾವಿರದ ಹತ್ತಿರ. ಏಲಂ ಬಾಕಿ 25 ಸಾವಿರ ಬರಲೇ ಇಲ್ಲ. ದೇವರ ಹಬ್ಬದಲ್ಲಿ ನಷ್ಟ!

ಎಲ್ಲ ಒಬ್ಬನೇ ಹೊರಬೇಡ, ಹಂಚು ಅಂತ ಬೈಬಲ್ಲಿನ ಮೋಶೆಗೆ ಬುದ್ಧಿ ಹೇಳಿದ್ದು ಮಾವ ಇತ್ರೋ. ನನಗೆ ಹೇಳಿದ್ದು ಹೆಂಡತಿ, ಅದೂ ರಾತ್ರಿ ಊಟದ ತಟ್ಟೆಯಲ್ಲಿ ಆ ಬೀಗದ ಕೈ ಇಟ್ಟು. ವಿಮೋಚನಕಾಂಡ 18 ನಮಗೆಲ್ಲ ಬಾಯಿಪಾಠ, ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ನಾಯಕ. ಸರಿ, ಮುಂದಿನ ವರ್ಷ ಎಂಬತ್ತು ಚಿಲ್ಲರೆ ಮನೆಗಳನ್ನು ಎಂಟು ಗುಂಪು ಮಾಡಿದೆ. ಅಡುಗೆ ಬಲ್ಲವರೆಲ್ಲ ಒಂದು ಕಡೆ, ಹಾಡುವವರು ಇನ್ನೊಂದು ಕಡೆ.

ಅದೂ ಕೆಟ್ಟಿತು. ಅಡುಗೆ ಗುಂಪಿನಲ್ಲಿ ಹನ್ನೊಂದು ಜನ, ಹನ್ನೊಂದು ಜನರಿಗೂ ತಮ್ಮ ಮಸಾಲೆಯೇ ಸರಿ. ಅದಕ್ಕಿಂತ ದೊಡ್ಡ ತಪ್ಪು ನನ್ನದು. ಕೆಲಸ ಕೊಟ್ಟೆ, ದುಡ್ಡು ಕೊಡಲಿಲ್ಲ. ಇನ್ನೂರು ರೂಪಾಯಿ ಕೊತ್ತಂಬರಿಗೂ ಜನ ನನ್ನನ್ನೇ ಹುಡುಕಿಕೊಂಡು ಬಂದರು. ಹೆಸರಿಗೆ ಎಂಟು ಗುಂಪು, ನಡೆದದ್ದು ಹಳೇ ದರ್ಬಾರೇ.

ಆಮೇಲೆ ಬೈಬಲ್ಲಿನ ನೆಹೆಮೀಯ 3 ಓದಿದೆ, ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದ ಕಥೆ. ಸುಮ್ನೆ ಹೆಸರಿನ ಪಟ್ಟಿ ಅಂತ ನಾವೆಲ್ಲ ದಾಟಿಬಿಡುವ ಅಧ್ಯಾಯ. ಅಲ್ಲಿ ಹಲವರು ಗೋಡೆ ಕಟ್ಟಿದ್ದು ತಮ್ಮ ತಮ್ಮ ಮನೆ ಎದುರಿನ ಭಾಗವನ್ನು. ಅಕ್ಕಸಾಲಿಗರೂ ಇದ್ದಾರೆ, ಸುಗಂಧದ್ರವ್ಯದವರೂ ಇದ್ದಾರೆ. ಗಾರೆ ಕೆಲಸದವರು ಅಂತ ಒಬ್ಬರ ಹೆಸರೂ ಇಲ್ಲ. ಗೋಡೆ 52 ದಿನದಲ್ಲಿ ಮುಗಿಯಿತು. ಹಾಗಾಗಿ ಕೈಚಳಕ ನೋಡಿ ಗುಂಪು ಮಾಡುವುದನ್ನು ಬಿಟ್ಟೆ. ಒಂದೇ ರಸ್ತೆಯವರು, ಒಂದೇ ಎಸ್ಟೇಟ್ ಲೈನಿನ (ಕೆಲಸದವರ ಸಾಲುಮನೆಗಳ) ಜನ, ದಿನಾ ಮುಖ ನೋಡುವವರು ಒಂದು ಗುಂಪು. ಪ್ರತಿ ಗುಂಪಿಗೂ ಮುಂಗಡವಾಗಿ ಎಂಟು ಸಾವಿರ ನಗದು. ಖರ್ಚಿಗೆ ನನ್ನ ಸಹಿ ಬೇಡ, ಹಬ್ಬದ ಮಾರನೇ ದಿನ ಚೀಟಿ ತಂದುಕೊಟ್ಟರೆ ಸಾಕು.

ಕಮಿಟಿಯಲ್ಲಿ ಗಲಾಟೆಯೋ ಗಲಾಟೆ. ಖಜಾಂಚಿ ಅಂಕಲ್ ಎದ್ದು ನಿಂತರು. "ಯೇಸುಸ್ವಾಮಿಯ ಹಣದ ಚೀಲ ಯಾರ ಕೈಲಿತ್ತು, ನೆನಪಿದೆಯಾ?"

"ಯೂದನ ಕೈಲಿ. ಅವನು ಕಳ್ಳ ಅಂತ ಗೊತ್ತಿದ್ದೂ ಸ್ವಾಮಿ ಕಿತ್ತುಕೊಳ್ಳಲಿಲ್ಲ ಅಲ್ವಾ ಅಂಕಲ್?" ಅಂದೆ. ಸಭಾಪಾಲಕರಾದ ಅಯ್ಯನವರು ನಕ್ಕರು, ಪಾಸಾಯಿತು. ಈ ಉತ್ತರ ಹೊಳೆದದ್ದಕ್ಕೆ ನನಗೆ ಇವತ್ತಿಗೂ ಖುಷಿ.

ಒಂದು ಗುಂಪಿನಲ್ಲಿ ಮೂರು ಸಾವಿರದ ಲೆಕ್ಕ ಸಿಗಲೇ ಇಲ್ಲ. ನನ್ನ ಕೈಯಿಂದ ತುಂಬಿದೆ. ಉಳಿದ ಏಳರಲ್ಲಿ ಐದು ಗುಂಪು ದುಡ್ಡು ಮಿಗಿಸಿ ವಾಪಸ್ ಕೊಟ್ಟವು.

ನಡುವೆ ಒಂದು ಪ್ರಯೋಗವೂ ಆಯಿತು. ಯೂದನ ಜಾಗಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದರಲ್ಲ, ನಾವೂ ಗುಂಪಿನ ಹಿರಿಯರನ್ನು ಹಾಗೇ ಆರಿಸೋಣ ಅಂತ. ಎಂಟು ಚೀಟಿಯಲ್ಲಿ ಮೂವರು ಒಲ್ಲೆ ಅಂದರು. ಒಬ್ಬರು ದುಬೈಯಲ್ಲಿದ್ದರು. ವಾಟ್ಸಾಪ್‌ನಲ್ಲಿ ಕೋಳಿಯೋ ಕುರಿಯೋ ಅಂತ ಮತ ಕೇಳಿದ್ದೂ ಉಂಟು. ಅದನ್ನು ನೆನೆಯೋದೇ ಬೇಡ.

ತೆಕೋವ ಅನ್ನೋ ಊರಿನ ಶ್ರೀಮಂತರು ಗೋಡೆ ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲ ಅಂತ ಆ ನೆಹೆಮೀಯ 3ರಲ್ಲೇ ಇದೆ. ನಮ್ಮಲ್ಲೂ ಅಂಥ ಎರಡು ಮನೆ ಇವೆ. ಮೊದಲು ಅವರ ಬಾಗಿಲಿಗೆ ಹತ್ತು ಸಲ ಅಲೆಯುತ್ತಿದ್ದೆ. ಈಗ ಅಲೆಯಲ್ಲ. ತೆಕೋವದ ಉಳಿದ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು, ಅದನ್ನು ಯಾರೂ ಗಮನಿಸೋದಿಲ್ಲ. ನಮ್ಮಲ್ಲೂ ಹಾಗೇ ಆಯಿತು. ಆ ಎರಡು ಮನೆ ಇರುವ ಲೈನಿನ ಉಳಿದ ಹುಡುಗರು ಶಾಮಿಯಾನದ ಜೊತೆ ಪಾರ್ಕಿಂಗ್ ಕೂಡ ನೋಡಿಕೊಂಡರು.

ನಾನು ಪಾತ್ರೆ ತೊಳೆಯೋಕೆ ಕೂತೆ. ಮೊದಲ ಸಲ ಅದು ತೋರಿಕೆಗೇ, ಒಪ್ಪಿಕೊಳ್ಳುತ್ತೇನೆ. ಯಾರೋ ಫೋಟೋ ತೆಗೆದರು, ಸಭೆಯ ಹೆಂಗಸರ ಸಂಘವಾದ ಸ್ತ್ರೀಯರ ಅನ್ಯೋನ್ಯ ಕೂಟದವರು ನಕ್ಕರು, ಕೊಳಗದ ತಳ ಜಿಡ್ಡು ಬಿಟ್ಟಿರಲಿಲ್ಲ. ಈಗ ಎರಡು ವರ್ಷದಿಂದ ನನ್ನ ಕೆಲಸ ಅದೇ. ಹಿತ್ತಲಲ್ಲಿ ಬೂದಿ, ತೆಂಗಿನ ನಾರು ಹಿಡಿದು ಕೂತವನ ಹತ್ತಿರ ಬಂದು ಯಾರೂ ಅಪ್ಪಣೆ ಕೇಳೋದಿಲ್ಲ. ಇದೊಂದು ಲಾಭ.

ಹೋದ ನವೆಂಬರ್‌ನಲ್ಲಿ ಊಟ ಒಂದು ಗಂಟೆಗೆ ಮುಗಿಯಿತು. ಬಾಳೆಗೊನೆ, ಮೆಣಸು, ಜೇನು, ನಾಟಿ ಕೋಳಿ, ಎಲ್ಲ ಏಲಂನಲ್ಲಿ ಹೋದವು. ಒಂದು ಜೊತೆ ತೆಂಗಿನಕಾಯಿಗೇ 2 ಸಾವಿರ ಬಂತು. ಯಾವ ವಸ್ತುವನ್ನು ಯಾವಾಗ ಎತ್ತಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು ಅನ್ನೋದನ್ನು ಮಾತ್ರ ಹೇಳಲ್ಲ, ಪಕ್ಕದ ಸಭೆಯವರೂ ಇದನ್ನು ಓದುತ್ತಾರೆ. ಒಟ್ಟು 2 ಲಕ್ಷದ 30 ಸಾವಿರದ ಆಸುಪಾಸು, ಖರ್ಚು ಲಕ್ಷದೊಳಗೆ.

ಬಾಕಿ ಉಳಿದದ್ದು ಒಂದು ಹುಂಜದ 700 ರೂಪಾಯಿ ಮಾತ್ರ. ಕೂಗಿದ್ದು ನಮ್ಮ ಭಾವ. ಕೇಳೋದು ಹೇಗೆ?