ಪಿಎಲ್‌ಸಿಯನ್ನು ಬೈಯುವ ಮೊದಲು ಕೇಬಲ್ ಟ್ರೇ ನೋಡಿ

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮರಳು ಹದಮಾಡುವ ಮಿಕ್ಸರ್ ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಡುತ್ತಿತ್ತು. ನಾನು ಹೋಗುವ ಹೊತ್ತಿಗೆ, ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯಲ್ಲಿ ಸೆನ್ಸರಿನ ಸಿಗ್ನಲ್ ಓದುವ ಅನಲಾಗ್ ಮಾಡ್ಯೂಲನ್ನು ಬದಲಾಯಿಸಿ ಆಗಿತ್ತು. ಪ್ರಯೋಜನವಾಗಿರಲಿಲ್ಲ.

ಅಲ್ಲಿನ ತೇವಾಂಶದ ಸೆನ್ಸರ್ ಶೇ 0ರಿಂದ 10ರವರೆಗಿನ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಆಗಿ ಕಳಿಸುತ್ತದೆ. ಶೇ 1ಕ್ಕೆ 1.6 ಮಿಲಿಆಂಪಿಯರ್. ಬರೀ 0.8 ಮಿಲಿಆಂಪಿಯರ್ ಏರುಪೇರಾದರೆ ಅರ್ಧ ಪರ್ಸೆಂಟ್ ಲೆಕ್ಕ ತಪ್ಪಿತು. ರೀಡಿಂಗ್ ಸುಳ್ಳಾಗಿ ಕುಸಿದರೆ ಮರಳು ಒಣಗಿದೆ ಎಂದುಕೊಂಡು ಪಿಎಲ್‌ಸಿ ಇನ್ನಷ್ಟು ನೀರು ಬಿಡುತ್ತದೆ. ಮರಳಿನಲ್ಲಿ ನೀರು ಹೆಚ್ಚಾದರೆ ಎರಕದಲ್ಲಿ ಗುಳ್ಳೆ ಬೀಳುತ್ತದೆ, ಮಾಲು ವಾಪಸು ಬರುತ್ತದೆ.

ಇಂಥ ಕಡೆ ನಾನು ಮೊದಲು ಪ್ಯಾನಲ್ ಬಿಚ್ಚುವುದಿಲ್ಲ. ರೀಡಿಂಗ್ ಕುಸಿಯುವಾಗ ಯಾವ ಯಂತ್ರ ಓಡುತ್ತಿದೆ ಎಂದು ನೋಡುತ್ತಾ ನಿಲ್ಲುತ್ತೇನೆ. ಇಲ್ಲಿ ಬೆಲ್ಟ್ ಕನ್ವೇಯರ್ ಶುರುವಾದಾಗಲೇ ಕುಸಿಯುತ್ತಿತ್ತು. ಅದರ ಮೋಟಾರಿಗೆ ವಿಎಫ್‌ಡಿ, ಅಂದರೆ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಇದೆ. ಡ್ರೈವ್ ಸೆಕೆಂಡಿಗೆ ಸಾವಿರಾರು ಸಲ ವೋಲ್ಟೇಜನ್ನು ಕತ್ತರಿಸಿ ಕೊಡುವುದರಿಂದ ಮೋಟಾರ್ ಕೇಬಲ್ಲೇ ಪಕ್ಕದ ಸಿಗ್ನಲ್ ಕೆಡಿಸುವ ವಿದ್ಯುತ್ ಗದ್ದಲದ ಮೂಲ. ಸೆನ್ಸರಿನ ತಂತಿ ಅದರ ಪಕ್ಕದಲ್ಲೇ, ಒಂದೇ ಟ್ರೇಯಲ್ಲಿ, ಶೆಡ್ಡಿನ ಉದ್ದಕ್ಕೂ ಮಲಗಿತ್ತು.

ಸೆನ್ಸರಿನ ತಂತಿಯನ್ನು ಒಂದು ಅಡಿ ದೂರದ ಬೇರೆ ಟ್ರೇಗೆ ಹಾಕಿಸಿದೆ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ಮೋಟಾರಿಗೆ ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಎಳೆಸಿ, ಶೀಲ್ಡನ್ನು ಎರಡೂ ತುದಿಯಲ್ಲಿ ಅರ್ಥ್ ಮಾಡಿಸಿದೆ. ಸೆನ್ಸರಿನ ಶೀಲ್ಡನ್ನು ಮಾತ್ರ ಪ್ಯಾನಲ್ ತುದಿಯಲ್ಲಷ್ಟೇ. ಈ ವ್ಯತ್ಯಾಸವನ್ನು ಅನುಭವಸ್ಥ ಎಲೆಕ್ಟ್ರಿಷಿಯನ್‌ಗಳೂ ಅದಲುಬದಲು ಮಾಡುತ್ತಾರೆ. ಇನ್ನೊಂದು ಚಾಳಿಯೆಂದರೆ, ಶೀಲ್ಡನ್ನು ಉದ್ದ ಜಡೆಯಂತೆ ಹೆಣೆದು ಸ್ಕ್ರೂಗೆ ಸಿಕ್ಕಿಸುವುದು. ಹೆಚ್ಚಿನ ಆವರ್ತನದ ಗದ್ದಲ ಅರ್ಥ್‌ಗೆ ಇಳಿಯಲು ಆ ಜಡೆಯೇ ಅಡ್ಡಿ. ಪ್ಲೇಟಿನ ಬಣ್ಣ ಕೆರೆದು, ಶೀಲ್ಡಿನ ಸುತ್ತಲೂ ಕಚ್ಚುವ ಲೋಹದ ಕ್ಲಾಂಪ್ ಹಾಕಬೇಕು.

ಆಮೇಲೂ ನೀರಿನ ವಾಲ್ವ್ ಮುಚ್ಚುವಾಗ ರೀಡಿಂಗ್ ಒಮ್ಮೆ ನೆಗೆಯುತ್ತಿತ್ತು. ವಾಲ್ವಿನದು 24 ವೋಲ್ಟ್ ಡಿಸಿ ಕಾಯಿಲ್, ಅದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇಲ್ಲ! ಕರೆಂಟ್ ಕಡಿದ ಕ್ಷಣದಲ್ಲಿ ಅಂಥ ಕಾಯಿಲ್ ನೂರಾರು ವೋಲ್ಟ್ ಉಗುಳುತ್ತದೆ. ಕೆಲವೇ ರೂಪಾಯಿಯ ಡಯೋಡನ್ನು ಕಾಯಿಲ್‌ಗೆ ಉಲ್ಟಾ ಹಾಕಿದೆ. ಅದರಿಂದ ವಾಲ್ವ್ ತುಸು ತಡವಾಗಿ ಮುಚ್ಚುವುದರಿಂದ ಪ್ರೋಗ್ರಾಮಿನಲ್ಲಿ ಸಮಯವನ್ನೂ ಸರಿಪಡಿಸಿದೆ. ಎಸಿ ಕಾಂಟ್ಯಾಕ್ಟರಿನ (ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಸ್ವಿಚ್ಚಿನ) ಕಾಯಿಲ್‌ಗೆ ಡಯೋಡ್ ಆಗದು. ರೆಸಿಸ್ಟರ್, ಕೆಪಾಸಿಟರ್ ಸೇರಿದ ಸ್ನಬ್ಬರ್ ಬೇಕು.

ಹೊಸನಗರದ ಕಡೆಯ ಒಂದು ಪಂಪ್‌ಹೌಸಿನ ಕಥೆ ಬೇರೆ. ಭರಣಿ ಮಳೆಯ ಗುಡುಗು ಶುರುವಾಯಿತೆಂದರೆ ಅಲ್ಲಿನ ಮಾಡ್ಯೂಲ್ ಸುಡುತ್ತಿತ್ತು. ಗುಡ್ಡದ ಮೇಲಿನ ಟ್ಯಾಂಕಿನಿಂದ ಲೆವೆಲ್ ಸೆನ್ಸರಿನ ಕೇಬಲ್ ಕೆಳಗಿನವರೆಗೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್ ಮೊದಲೇ ದುರ್ಬಲ. ಸಾಲದ್ದಕ್ಕೆ ಪಿಎಲ್‌ಸಿಗೆಂದು ಯಾರೋ ‘ಶುದ್ಧ’ ಅರ್ಥ್ ಗುಂಡಿಯನ್ನು ಬೇರೆ ತೋಡಿ, ಮುಖ್ಯ ಅರ್ಥಿಂಗಿಗೆ ಸೇರಿಸದೆ ಬಿಟ್ಟಿದ್ದರು. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಮಾಡ್ಯೂಲ್. ಪ್ರತ್ಯೇಕ ಗುಂಡಿ ಶ್ರೇಷ್ಠ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಜಗಳವಾಡಿಯೇ ಬಿಡಿಸಬೇಕು.

ಎರಡನ್ನೂ ತಾಮ್ರದ ಪಟ್ಟಿಯಿಂದ ಜೋಡಿಸಿ, ಸೆನ್ಸರ್ ಕೇಬಲಿನ ಎರಡೂ ತುದಿಗೆ ಮತ್ತು ವಿದ್ಯುತ್ ಪೂರೈಕೆಗೆ, ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ರಕ್ಷಕ ಹಾಕಿದೆ. ಪೂರೈಕೆಯ ಕಡೆಯ ರಕ್ಷಕದಲ್ಲಿ ಹಸಿರು ಕಿಟಕಿ ಕೆಂಪಾದರೆ ಒಳಗಿನ ಕಾರ್ಟ್ರಿಜ್ ಬದಲಾಯಿಸಬೇಕು ಎಂದು ಆಪರೇಟರಿಗೆ ತೋರಿಸಿ, ಒಂದು ಹೆಚ್ಚುವರಿ ಕಾರ್ಟ್ರಿಜನ್ನು ಪ್ಯಾನಲಿನ ಒಳಗೇ ಕಟ್ಟಿಟ್ಟು ಬಂದೆ.